ಕೂಸು ನೋಡುವ ಆಯಾಗಳ ಏಜೆನ್ಸಿ ನಡೆಸುವವರ ಮಾರ್ಗದರ್ಶನ ತರಗತಿ: ಎರಡು ವರ್ಷ ಕಲಿತ ಮೇಲೆ ನನ್ನ ಅಭಿಪ್ರಾಯ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದೊಂದು ಸಣ್ಣ ಏಜೆನ್ಸಿ ಇದೆ. ಕೂಸು ನೋಡಿಕೊಳ್ಳಲು, ಬಾಣಂತನ ಮಾಡಲು ಮನೆಗಳಿಗೆ ಹೆಂಗಸರನ್ನು ಕಳಿಸುತ್ತೇವೆ. ನಮ್ಮ ಊರಲ್ಲಿ ಇವರಿಗೆ ಆಯಾ ಅನ್ನುವವರು ಕಡಿಮೆ. ಕನ್ನಡದವರ ಮನೆಯಲ್ಲೂ ಮರಾಠಿಯವರ ಮನೆಯಲ್ಲೂ ಮಾವಶಿ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಇಂಥ ಏಜೆನ್ಸಿ ನಡೆಸುವವರಿಗಾಗಿಯೇ ಇರುವ ಒಂದು ಆನ್‌ಲೈನ್ ತರಗತಿಗೆ 2023ರ ಜೂನ್‌ನಲ್ಲಿ ಸೇರಿದೆ. ವಾರಕ್ಕೊಂದು ಜೂಮ್ ಪಾಠ, ವಾಟ್ಸಾಪ್ ಗುಂಪು, ತಿಂಗಳಿಗೊಮ್ಮೆ ಮಾರ್ಗದರ್ಶಕಿಯ ಜೊತೆ ಅರ್ಧ ಗಂಟೆ ಮಾತು, ಮೇಲೆ ಮನೆಪಾಠ. ಫೀ ತಿಂಗಳಿಗೆ 3,000 ರೂಪಾಯಿ. ಎರಡು ವರ್ಷಕ್ಕೆ 72,000 ಆಯಿತು. ತರಗತಿಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ಕೆಲವು ದೂರುಗಳನ್ನೂ ಹೇಳುವುದಿದೆ. ಇಂಥ ತರಗತಿಗಳು ಈಗ ಹಲವು ಇವೆ. ಯಾವುದಕ್ಕೇ ಸೇರುವವರಿಗೂ ಈ ಅನುಭವ ಉಪಯೋಗಕ್ಕೆ ಬಂದೀತು. ಅಂಕ ಕೊಡಿ ಅಂದರೆ 5ಕ್ಕೆ 4 ಕೊಡುತ್ತೇನೆ.

ಆ ನಾಲ್ಕರಲ್ಲಿ ಮೂರು ಒಂದೇ ಒಂದು ಮನೆಪಾಠಕ್ಕೆ.

ಎರಡನೇ ತಿಂಗಳಲ್ಲಿ ಕೊಟ್ಟದ್ದು ಅದು. ಹಿಂದಿನ ಒಂದು ವರ್ಷದಲ್ಲಿ ನಿಮ್ಮ ಏಜೆನ್ಸಿ ಬಿಟ್ಟುಹೋದ ಪ್ರತಿಯೊಬ್ಬ ಹೆಂಗಸಿಗೂ ನೀವೇ ಫೋನ್ ಮಾಡಿ ಯಾಕೆ ಬಿಟ್ಟಿರಿ ಎಂದು ಕೇಳಿ, ವಾದ ಮಾಡಬೇಡಿ, ವಾಪಸ್ ಕರೆಯಬೇಡಿ, ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ ಎಂದರು. ನನ್ನ ಹತ್ತಿರ ಆಗ 31 ಮಾವಶಿಯರಿದ್ದರು, ವರ್ಷದಲ್ಲಿ ಬಿಟ್ಟವರು 19. ಎಲ್ಲರೂ ಪಗಾರ ಸಾಲದೆ ಬಿಟ್ಟರು ಅಂತಲೇ ನಾನು ನಾಲ್ಕು ವರ್ಷ ನಂಬಿದ್ದೆ. ಗಿರಾಕಿಗಳಿಗೂ ಅದನ್ನೇ ಹೇಳುತ್ತಿದ್ದೆ.

ಪಗಾರದ ಕಾರಣ ಹೇಳಿದವರು ಇಬ್ಬರೇ. ಇಬ್ಬರಿಗೆ ಮದುವೆಯಾಗಿತ್ತು. ಮೂವರು, ಕೂಸು ನೋಡಲು ಅಂತ ಕರೆದು ಪಾತ್ರೆ, ರೊಟ್ಟಿ, ಬಟ್ಟೆ ಎಲ್ಲ ಹೊರಿಸಿದರು ಅಂದರು. ಐವರು ಹೊತ್ತಿಗೆ ಸರಿಯಾಗಿ ಬಿಡುವುದಿಲ್ಲ ಅಂದರು. ಉಳಿದ ಏಳು ಜನ ಕೆಲಸ ಬಿಟ್ಟದ್ದು ತಮ್ಮ ಸ್ವಂತ ಮಕ್ಕಳಿಗಾಗಿ. ಸಾಲಿ ಸೂಟಿ ಬಂತು, ಮನೆಯಲ್ಲಿ ನೋಡುವವರಿಲ್ಲ.

ಸುಳೇಭಾವಿಯ ಒಬ್ಬರು ಹೇಳಿದ್ದನ್ನು ವಹಿಯಲ್ಲಿ ಹಾಗೇ ಬರೆದಿಟ್ಟಿದ್ದೇನೆ: "ಪಗಾರ ಛಲೋನ ಇತ್ರಿ ಅಕ್ಕಾರ. ಆದ್ರ ಏಳಕ್ಕ ಬಿಡ್ತೀವಿ ಅಂದಾವ್ರು ಒಂಬತ್ತಕ್ಕ ಬಿಟ್ರ ಕಡೀ ಬಸ್ ತಪ್ತೈತಿ. ಮನ್ಯಾಗ ನನ್ನ ಕೂಸು ಉಣ್ಲಾರ್ದ ಮಲ್ಕೊಂತೈತಿ." ಬೇರೆಯವರ ಕೂಸಿಗೆ ಉಣಿಸಿ ಮಲಗಿಸಿ ಬಂದವರ ಮನೆಯ ಮಾತು ಇದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಮನೆಯವರಿಗೆ ‘ಸ್ವಲ್ಪ ಆಕಡೆ ಈಕಡೆ ಆದರೂ ನಡೆಯುತ್ತದೆ’ ಅಂತ ಮಾತು ಕೊಟ್ಟವಳು ನಾನೇ.

ಅಲ್ಲಿಂದ ಮುಂದೆ ಮಾಡಿದ ಬದಲಾವಣೆಯೆಲ್ಲ ಈ ವಹಿಯಿಂದಲೇ ಹುಟ್ಟಿತು. ಮೊದಲು ಒಪ್ಪಂದ ಪತ್ರ. ತರಗತಿಯವರು ಕೊಟ್ಟ ಮಾದರಿ ಅಮೆರಿಕದ ನ್ಯಾನಿ ಏಜೆನ್ಸಿಗಳದ್ದು. ಅಲ್ಲಿ ಮನೆಯವರೇ ಮಾಲೀಕರು, ಏಜೆನ್ಸಿ ಒಮ್ಮೆ ಫೀ ತೆಗೆದುಕೊಂಡು ಜೋಡಿಸಿಕೊಡುತ್ತದೆ. ಕೆಲಸದ ಪಟ್ಟಿ, ಹೊತ್ತು, ಸೂಟಿ, ಹೆಚ್ಚಿನ ಹೊತ್ತಿನ ದರ ಎಲ್ಲ ಮೊದಲೇ ಬರೆದಿರುತ್ತಾರೆ. ನಾನು ಅದನ್ನು ಎರಡು ಪುಟಕ್ಕೆ ಇಳಿಸಿ ಕನ್ನಡದಲ್ಲೂ ಮರಾಠಿಯಲ್ಲೂ ಮಾಡಿಸಿದೆ. ಕೂಸಿನ ಊಟ, ಸ್ನಾನ, ಕೂಸಿನ ಬಟ್ಟೆ, ಆಟ, ನಿದ್ದೆ ಕೆಲಸದೊಳಗೆ. ಮನೆಯ ಪಾತ್ರೆ, ಅಡುಗೆ, ಹಿರಿಯರ ಬಟ್ಟೆ ಹೊರಗೆ. ಬಿಡುವ ಹೊತ್ತಿಗಿಂತ ಅರ್ಧ ಗಂಟೆ ದಾಟಿದರೆ ಹೆಚ್ಚಿನ ದುಡ್ಡು, ಅದೂ ಅದೇ ದಿನ. ವಾರಕ್ಕೊಂದು ಸೂಟಿ. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತೇನೆ, ಮನೆಯವರ ಎದುರಿಗೇ. ಅನಗೋಳದ ಒಂದು ಮನೆಯವರು ಇಷ್ಟೆಲ್ಲ ಕಾಗದ ಯಾಕೆ, ನಾವೇನು ಕಾರ್ಖಾನೆ ನಡೆಸುತ್ತೇವೆಯೇ ಎಂದು ಎದ್ದುಹೋದರು. ಆರು ತಿಂಗಳ ಮೇಲೆ ಅವರೇ ತಿರುಗಿ ಬಂದು ಸಹಿ ಮಾಡಿದರು.

ಎರಡನೆಯದು ನನಗೆ ಬಹಳ ಕಷ್ಟವಾದದ್ದು. ನಾನು ಪ್ರತಿ ಮಾವಶಿಯ ಪಗಾರದಿಂದ ತಿಂಗಳಿಗೆ 500 ರೂಪಾಯಿ ಹಿಡಿದುಕೊಳ್ಳುತ್ತಿದ್ದೆ. ನಮ್ಮ ಭಾಗದಲ್ಲಿ ನಾನು ಕಂಡ ಏಜೆನ್ಸಿಗಳಲ್ಲಿ ಅದೇ ರೂಢಿ. ತರಗತಿಯಲ್ಲಿ ಒಂದು ವಾರ ಪೂರ್ತಿ ಇದೇ ವಿಷಯ ನಡೆಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರಿಗಾಗಿ ಒಪ್ಪಿದ 189ನೇ ಒಡಂಬಡಿಕೆಯಲ್ಲಿ, ಏಜೆನ್ಸಿಯ ಫೀ ಕೆಲಸಗಾರರ ಸಂಬಳದಿಂದ ಕಡಿತವಾಗಬಾರದು ಎಂದಿದೆ ಎಂಬುದು ನನಗೆ ಗೊತ್ತಾದದ್ದೇ ಅಲ್ಲಿ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ, ಹಾಗಾಗಿ ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಆದರೆ ವಹಿ ನನ್ನ ಎದುರಿಗಿತ್ತು. ಕೆಲಸಕ್ಕಿದ್ದ 26 ಜನರ ಕಡಿತ ತಿಂಗಳಿಗೆ 13,000, ಅಂದರೆ ನನ್ನ ಆಫೀಸಿನ ಬಾಡಿಗೆ ಮತ್ತು ಫೋನ್ ಎತ್ತುವ ಹುಡುಗಿಯ ಅರ್ಧ ಪಗಾರ. ಅದನ್ನು ನಿಲ್ಲಿಸಿ, ಮನೆಯವರಿಂದ ತೆಗೆದುಕೊಳ್ಳುವ ಫೀಯನ್ನು ಅರ್ಧ ತಿಂಗಳ ಪಗಾರದಿಂದ ಒಂದು ತಿಂಗಳ ಪಗಾರಕ್ಕೆ ಏರಿಸಿದೆ. ಎಷ್ಟು ಸಲ ಬೇಕಾದರೂ ಬದಲಿ ಮಾವಶಿಯನ್ನು ಕೊಡುವ ಮಾತನ್ನು ಬಿಟ್ಟು ಆರು ತಿಂಗಳಲ್ಲಿ ಎರಡು ಸಲ ಅಂತ ನಿಗದಿ ಮಾಡಿದೆ.

ಮೊದಲ ಎರಡು ತಿಂಗಳು ಕೈಕಾಲು ನಡುಗಿದವು. ತಿಂಗಳಿಗೆ ನಾಲ್ಕು ಹೊಸ ಮನೆ ಬರುತ್ತಿದ್ದದ್ದು ಎರಡಕ್ಕೆ ಬಂತು. ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವ ನಮ್ಮ ಯಜಮಾನರ ಪಗಾರದಿಂದ ಬಾಡಿಗೆ ಕೊಟ್ಟೆವು. ಈ ಹೊತ್ತಿನಲ್ಲಿ ಮಾರ್ಗದರ್ಶಕಿ ನಿಜವಾಗಿಯೂ ಬೆನ್ನಿಗೆ ನಿಂತರು. ವಾರಕ್ಕೆರಡು ಸಲ ಅವರೇ ಫೋನ್ ಮಾಡಿ ಲೆಕ್ಕ ಕೇಳುತ್ತಿದ್ದರು, ಸಮಾಧಾನದ ಮಾತಿಗಿಂತ ಲೆಕ್ಕವನ್ನೇ ಕೇಳುತ್ತಿದ್ದರು. ಐದನೇ ತಿಂಗಳಿಗೆ ಮತ್ತೆ ನಾಲ್ಕು ಮನೆ ಬಂದವು. 2024ರ ಜುಲೈನಿಂದ 2025ರ ಜೂನ್‌ವರೆಗಿನ ಲೆಕ್ಕ ತೆಗೆದರೆ 34 ಜನರಲ್ಲಿ ಬಿಟ್ಟವರು 8.

ಇದರಲ್ಲಿ ತರಗತಿಯದಲ್ಲದ ಒಂದು ಕಾರಣವೂ ಇದೆ. ನಾನು ಸೇರಿದ ತಿಂಗಳಲ್ಲೇ, 2023ರ ಜೂನ್ 11ಕ್ಕೆ, ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರಕಾರಿ ಸಾದಾ ಬಸ್ಸು ಪುಕ್ಕಟೆಯಾಯಿತು. ಹಿಂಡಲಗಾ, ಕಾಕತಿ, ಬೈಲಹೊಂಗಲ ಕಡೆಯ ಹೆಂಗಸರು ಮೊದಲು ಬಸ್ಸಿನ ಖರ್ಚು ಕಳೆದು ಏನು ಉಳಿಯಿತು ಎಂದು ಎಣಿಸುತ್ತಿದ್ದರು. ಈಗ ದೂರದವರೂ ಬರುತ್ತಾರೆ. ಮಹಾರಾಷ್ಟ್ರದ ಶಿನೋಳಿ ಕಡೆಯಿಂದ ಬರುವವರಿಗೆ ಮಾತ್ರ ಈ ಅನುಕೂಲವಿಲ್ಲ, ಅವರ ಬಸ್ಸಿನ ಖರ್ಚನ್ನು ಮನೆಯವರ ಕಡೆಯಿಂದ ಕೊಡಿಸುತ್ತೇನೆ.

ಇನ್ನು, ಮಕ್ಕಳಿಗಾಗಿ ಕೆಲಸ ಬಿಟ್ಟ ಆ ಏಳು ಜನರ ಮಾತು. ಏಪ್ರಿಲ್ ಎರಡನೇ ವಾರಕ್ಕೆ ಸಾಲಿ ಮುಚ್ಚಿದರೆ ಮೇ ಕೊನೆಯವರೆಗೆ ಇಲ್ಲ. ಗ್ರಾಮ ಪಂಚಾಯ್ತಿಯ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ಮೂರು ವರ್ಷದೊಳಗಿನ ಮಕ್ಕಳಿಗೆ. ಆರು, ಎಂಟು, ಹತ್ತು ವರ್ಷದ ಹುಡುಗರು ಎಲ್ಲಿ ಹೋಗಬೇಕು? ಆಫೀಸಿನ ಹಿಂದಿನ ಕೋಣೆಯಲ್ಲಿ ಬೇಸಿಗೆ ಎರಡು ತಿಂಗಳು ಮಾವಶಿಯರ ಮಕ್ಕಳನ್ನು ಇಟ್ಟುಕೊಂಡು, ವಯಸ್ಸಾದ ಇಬ್ಬರು ಮಾವಶಿಯರಿಗೆ ಪಾಳಿಯ ಮೇಲೆ ನೋಡಿಕೊಳ್ಳಲು ಹೇಳುತ್ತೇನೆ ಅಂದಾಗ ಮಾರ್ಗದರ್ಶಕಿ ಒಪ್ಪಲಿಲ್ಲ. ಇದು ನಿಮ್ಮ ವ್ಯಾಪಾರವಲ್ಲ, ತಿಂಗಳಿಗೆ 16,000 ಖರ್ಚು ಯಾವ ಲೆಕ್ಕಕ್ಕೆ ಅಂದರು. ನಾನು ಕೇಳಲಿಲ್ಲ. 2024ರ ಬೇಸಿಗೆಯಲ್ಲಿ 11 ಮಕ್ಕಳು ಬಂದರು, 2025ರಲ್ಲಿ 14. ಎರಡೂ ಬೇಸಿಗೆಯಲ್ಲಿ ಮಕ್ಕಳ ಕಾರಣಕ್ಕೆ ಒಬ್ಬ ಮಾವಶಿಯೂ ಕೆಲಸ ಬಿಡಲಿಲ್ಲ. ಆಮೇಲೆ ಮಾರ್ಗದರ್ಶಕಿಯೇ ಈ ಲೆಕ್ಕವನ್ನು ತರಗತಿಯಲ್ಲಿ ಎಲ್ಲರ ಮುಂದೆ ಓದಿಸಿದರು. ತಪ್ಪು ಒಪ್ಪಿಕೊಳ್ಳುವ ಗುರುಗಳ ಮೇಲೆ ನನಗೆ ಗೌರವ ಹೆಚ್ಚು.

ವೈಯಕ್ತಿಕ ಬೆಳವಣಿಗೆ ಎಂಬ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಸುಕಿನಲ್ಲಿ ಎದ್ದು ಧ್ಯಾನ, ಕನಸುಗಳನ್ನು ಬರೆಯುವುದು, ಕನ್ನಡಿ ಮುಂದೆ ನಿಂತು ಮಾತಾಡುವುದು, ಇವು ನನಗೆ ಹಿಡಿಸಲಿಲ್ಲ. ಒಂದು ಅಭ್ಯಾಸ ಮಾತ್ರ ನನ್ನ ಮನೆಯನ್ನೇ ಬದಲಿಸಿತು. ಒಂದು ವಾರ ಬಂದ ಪ್ರತಿ ಫೋನನ್ನೂ ಬರೆದಿಡಲು ಹೇಳಿದ್ದರು. 143 ಫೋನ್ ಬಂದವು. ರಾತ್ರಿ 8ರ ಮೇಲೆ ಬಂದವು 61, ಅವುಗಳಲ್ಲಿ ನಿಜಕ್ಕೂ ತುರ್ತಿನವು ಎರಡು. ಮಗಳ ಊಟದ ಹೊತ್ತಿನಲ್ಲಿ ನಾನು ಎರಡು ವರ್ಷದಿಂದ ಬಾಲ್ಕನಿಯಲ್ಲಿ ನಿಂತಿದ್ದೆ. ಈಗ 8ರ ಮೇಲೆ ತುರ್ತಿನ ನಂಬರ್ ಒಂದೇ ಚಾಲೂ, ಅದು ಮಾವಶಿಯರ ಹತ್ತಿರವೂ ಮನೆಯವರ ಹತ್ತಿರವೂ ಇರುತ್ತದೆ. ‘ಇಲ್ಲ, ನಾಳೆ ಮಾತಾಡೋಣ’ ಎಂಬ ಮಾತು ಬಾಯಿಗೆ ಬರಲು ಮೂರು ತಿಂಗಳು ಬೇಕಾಯಿತು.

ಕೊರತೆಗಳಿಗೆ ಬರುತ್ತೇನೆ. ಈ ತರಗತಿಯ ಪಾಠದಲ್ಲಿ ಅಜ್ಜಿ ಎಂಬುವವರೇ ಇಲ್ಲ. ತಾಯಿ, ತಂದೆ, ನ್ಯಾನಿ, ಮೂರೇ ಜನ. ನಮ್ಮಲ್ಲಿ ಮಾವಶಿಗೆ ಹೇಳುವವರು ಮನೆತುಂಬ. ತಾಯಿ, ಡಾಕ್ಟರು ಹೇಳಿದ್ದಾರೆ, ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಏನೂ ಬೇಡ ಅನ್ನುತ್ತಾಳೆ. ಅಜ್ಜಿ ಗುಟ್ಟಿ (ಕೂಸಿಗೆ ಕುಡಿಸುವ ಗಿಡಮೂಲಿಕೆ ಮದ್ದು) ತೇಯಿಸಿ ಇಡುತ್ತಾರೆ, ಜೇನುತುಪ್ಪ ನೆಕ್ಕಿಸು ಅನ್ನುತ್ತಾರೆ. ಶಹಾಪುರದ ಒಂದು ಮನೆಯ ಅಜ್ಜಿ ನನಗೇ ಹೇಳಿದರು: "ನಾ ನಾಕ್ ಮಕ್ಕಳ್ನ ಗುಟ್ಟಿ ಹಾಕೇ ಬೆಳಸೇನಿ, ಬ್ಯಾಡ ಅನ್ನಾಕ ಇಕಿ ಯಾರು?" ವರ್ಷದೊಳಗಿನ ಕೂಸಿಗೆ ಜೇನುತುಪ್ಪದಿಂದ ಬೊಟುಲಿಸಂ ಎಂಬ ಕೆಟ್ಟ ಕಾಯಿಲೆ ಬರುವ ಅಪಾಯ ಇದೆ, ಇದರಲ್ಲಿ ರಾಜಿ ಆಗುವುದಿಲ್ಲ. ಆದರೆ ಅದನ್ನು ಮಾವಶಿಯ ಬಾಯಿಂದ ಹೇಳಿಸಿದರೆ ಅವಳ ಕೆಲಸ ಹೋಗುತ್ತದೆ. ಮೊದಲ ದಿನ ಅಜ್ಜಿಯನ್ನೂ ಕೂರಿಸಿಕೊಂಡು, ಎಣ್ಣೆ-ನೀರು ಹೇಗೆ ಹಾಕಬೇಕು ಅಂತ ಅವರನ್ನೇ ಕೇಳಿ, ಅವರ ಅನುಭವಕ್ಕೆ ಮರ್ಯಾದೆ ಕೊಟ್ಟು, ಆಮೇಲೆ ಜೇನುತುಪ್ಪದ ಮಾತನ್ನು ನಾನೇ ಆಡುತ್ತೇನೆ. ಈ ಉಪಾಯವನ್ನು ನನಗೆ ಹೇಳಿಕೊಟ್ಟವರು ವಡಗಾವಿಯ ಒಬ್ಬ ಹಿರಿಯ ಮಾವಶಿ.

ಕಾಯ್ದೆಯ ಪಾಠವೂ ತೀರ ಸೊರಗಿದ್ದು. ಅಮೆರಿಕದ ತೆರಿಗೆ ಫಾರಂ ಬಗ್ಗೆ ಎರಡು ವಾರ ಹೇಳಿದರು, ನಮ್ಮ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಬಗ್ಗೆ ಒಂದು ಮಾತಿಲ್ಲ. ಇದನ್ನೆಲ್ಲ ನಾನು ಊರಿನ ಲೆಕ್ಕಪರಿಶೋಧಕರ ಹತ್ತಿರ ಕೂತು ಕಲಿತೆ. ಸಣ್ಣ ಉದ್ಯಮಗಳಿಗಾಗಿ ಇರುವ ಸರಕಾರದ ಉದ್ಯಮ್ ನೋಂದಣಿ ಪೂರ್ತಿ ಪುಕ್ಕಟೆ, ಮಾಡಿಕೊಡುತ್ತೇವೆ ಅಂತ ದುಡ್ಡು ಕೇಳುವವರಿಗೆ ಕೊಡಬೇಡಿ. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ. ಇಲ್ಲೊಂದು ಸೂಕ್ಷ್ಮ ಇದೆ: ಮನೆಯವರು ಮಾವಶಿಗೆ ನೇರ ಪಗಾರ ಕೊಟ್ಟು ನಿಮಗೆ ಫೀ ಮಾತ್ರ ಕೊಟ್ಟರೆ ಲೆಕ್ಕಕ್ಕೆ ಬರುವುದು ಆ ಫೀ. ಮಾವಶಿಯನ್ನು ನಿಮ್ಮ ನೌಕರಳಾಗಿ ಇಟ್ಟುಕೊಂಡು ಕಳಿಸಿದರೆ ಪಗಾರವೂ ಸೇರಿದ ಪೂರ್ತಿ ಮೊತ್ತ ನಿಮ್ಮ ವ್ಯವಹಾರವಾಗುತ್ತದೆ. ನೌಕರರು 10 ಆದರೆ ಇಎಸ್ಐ (ನೌಕರರ ವಿಮೆ), 20 ಆದರೆ ಪಿಎಫ್ (ಭವಿಷ್ಯ ನಿಧಿ) ಕೂಡ ಬರುತ್ತದೆ. ಯಾವ ದಾರಿ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳದೆ ಏಜೆನ್ಸಿ ತೆರೆಯಬೇಡಿ.

ಕೂಸಿನ ಗಂಟಲಲ್ಲಿ ಏನಾದರೂ ಸಿಕ್ಕಿದರೆ ಏನು ಮಾಡಬೇಕು ಎಂಬ ಒಂದು ಪಾಠ ಮಾತ್ರ ಚಿನ್ನದಂಥದ್ದು. ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ತಲೆ ಕೆಳಗಾಗಿ ಬೋರಲು ಹಿಡಿದು ಬೆನ್ನಿಗೆ 5 ಸಲ ತಟ್ಟುವುದು, ತಿರುಗಿಸಿ ಎದೆ ನಡುವೆ 5 ಸಲ ಒತ್ತುವುದು, ಕಾಣದ್ದನ್ನು ಬೆರಳು ಹಾಕಿ ತೆಗೆಯಲು ಹೋಗದಿರುವುದು, ಒಬ್ಬರು 108ಕ್ಕೆ ಫೋನ್ ಮಾಡುವುದು. ನಿವೃತ್ತ ನರ್ಸ್ ಒಬ್ಬರನ್ನು ಕರೆಸಿ ಗೊಂಬೆಯ ಮೇಲೆ ಎಲ್ಲ ಮಾವಶಿಯರಿಗೂ ಮಾಡಿಸಿದೆ. ಮೂರು ತಿಂಗಳಿಗೊಮ್ಮೆ ತಪ್ಪದೆ ಮಾಡಿಸುತ್ತೇನೆ.

ಇನ್‌ಸ್ಟಾಗ್ರಾಂ ಜಾಹೀರಾತಿನ ಸಲಹೆ ಕೇಳಿ 14,000 ಕಳೆದುಕೊಂಡೆ. ಬಂದ ಮೂರು ವಿಚಾರಣೆಯೂ ಬೇರೆ ಊರಿನವು. ನನಗೆ ಗಿರಾಕಿ ಬರುವುದು ಮಕ್ಕಳ ಡಾಕ್ಟರುಗಳ ಮಾತಿನಿಂದ, ಮತ್ತು ವರ್ಗವಾಗಿ ಬರುವ ಬ್ಯಾಂಕಿನವರು, ಕ್ಯಾಂಪಿನ ಸೈನಿಕ ಕುಟುಂಬದವರು ಒಬ್ಬರಿಗೊಬ್ಬರು ಹೇಳುವುದರಿಂದ.

ತಾಯಿಗೆ ಹುಷಾರಿಲ್ಲದೆ ಮೂರು ತಿಂಗಳು ನಾನು ಪಾಠಕ್ಕೆ ಹೋಗಲಾಗಲಿಲ್ಲ. ಆಗ ಚಂದಾ ನಿಲ್ಲಿಸಿ ಅಂದರೆ ನಿಲ್ಲಿಸಲಿಲ್ಲ, 9,000 ಹೋಯಿತು. ಸೇರುವ ಮುಂಚೆ ಈ ನಿಯಮವನ್ನು ಬರಹದಲ್ಲಿ ಕೇಳಿ. ಪಾಠವೆಲ್ಲ ಹಿಂದಿ, ಇಂಗ್ಲಿಷಿನಲ್ಲಿ. ನನ್ನ ಆಫೀಸಿನ ಹುಡುಗಿಗೆ ಎರಡೂ ಅಷ್ಟಕ್ಕಷ್ಟೆ, ಅವಳಿಗೆ ಪ್ರತಿ ಮಂಗಳವಾರ ನಾನು ಕೂತು ಕನ್ನಡದಲ್ಲಿ ಹೇಳುತ್ತೇನೆ.

ಈಗಷ್ಟೇ ಏಜೆನ್ಸಿ ತೆರೆಯುವವರಿಗೆ ಇದು ಬೇಡ. ಆ ದುಡ್ಡಿನಲ್ಲಿ ಒಳ್ಳೆಯ ಒಪ್ಪಂದ ಪತ್ರ ಮಾಡಿಸಿ, ಲೆಕ್ಕಪರಿಶೋಧಕರ ಫೀ ಕೊಡಿ. ವರ್ಷ ಎರಡು ವರ್ಷ ನಡೆಸಿ, ಹದಿನೈದಿಪ್ಪತ್ತು ಜನ ಆಗಿ, ಬಂದವರು ನಿಲ್ಲುವುದಿಲ್ಲ ಎಂಬ ಹೊತ್ತಿಗೆ ಸೇರಿ. ನಾನು ಇನ್ನಾರು ತಿಂಗಳಿಗೆ ಕಟ್ಟಿದ್ದೇನೆ, ತಿಂಗಳ ಆ ಅರ್ಧ ಗಂಟೆಯ ಲೆಕ್ಕ ಕೇಳುವಿಕೆ ನನಗೆ ಇನ್ನೂ ಬೇಕು. ನನ್ನ ಒಪ್ಪಂದ ಪತ್ರದ ಕನ್ನಡ ಪ್ರತಿಯನ್ನು ಕೇಳಿದವರಿಗೆ ಕೊಡುತ್ತೇನೆ. ಕೆಲಸದ ಪಟ್ಟಿಯನ್ನು ಮಾತ್ರ ನಿಮ್ಮ ಊರಿನ ಮಾವಶಿಯರ ಜೊತೆ ಕೂತು ತಿದ್ದಿಕೊಳ್ಳಿ.