ಲೆಗೋ 60337 ಎಕ್ಸ್‌ಪ್ರೆಸ್ ರೈಲು: ಮೋಟರ್‌ಗೆ ಪೂರ್ಣ ಅಂಕ, ತಿರುವಿಗೆ ಅರ್ಧ

ಲೆಗೋ ಸಿಟಿ ಸರಣಿಯ 60337 ಎಕ್ಸ್‌ಪ್ರೆಸ್ ಪ್ಯಾಸೆಂಜರ್ ರೈಲು 2022ರಲ್ಲಿ ಬಂತು. 764 ತುಂಡು, ಮೂರು ಬೋಗಿ, ಬ್ಲೂಟೂತ್ ರಿಮೋಟ್, ಉರಿಯುವ ಮುಂದೀಪ. ಸೂಚನಾ ಪುಸ್ತಕ ನೋಡಿಕೊಂಡು ಒಮ್ಮೆ ಕಟ್ಟಿ ಓಡಿಸಿದರೆ ಮಕ್ಕಳಿಗೆ ಖುಷಿ, ಅಷ್ಟಕ್ಕೆ ಮುಗಿಯಿತು. ಈ ವಿಮರ್ಶೆ ಇರುವುದು ಆಮೇಲೆ ಅದನ್ನು ಬಿಚ್ಚಿ ಸ್ವಂತ ರೈಲು ಕಟ್ಟಬೇಕೆನ್ನುವವರಿಗಾಗಿ. ಅವರ ದೃಷ್ಟಿಯಿಂದ ಈ ಪೆಟ್ಟಿಗೆಯ ನಿಜವಾದ ಆಸ್ತಿ ಹಬ್ (ಸೆಲ್ ಕೂರುವ, ರಿಮೋಟಿನ ಮಾತು ಕೇಳಿ ಮೋಟರ್ ಓಡಿಸುವ ಡಬ್ಬಿ), ಮೋಟರ್, ರಿಮೋಟ್ ಮತ್ತು ದೀಪ. ನಾಲ್ಕೂ ಚೆನ್ನಾಗಿವೆ. ಕೊರತೆ ಇರುವುದು ಹಳಿಯಲ್ಲಿ. ನೀವು ಕಟ್ಟುವ ಬೋಗಿ ಎಷ್ಟು ಉದ್ದವಿರಬಹುದು, ಎಷ್ಟು ಎಳೆಯಬಹುದು ಎನ್ನುವುದನ್ನೆಲ್ಲ ಕೊನೆಗೆ ನಿರ್ಧರಿಸುವುದು ಆ ಹಳಿಯ ತಿರುವು.

ಮೊದಲು ಹಬ್. ಬಿಡಿಯಾಗಿ ಕೊಳ್ಳುವಾಗ ಇದರ ಸಂಖ್ಯೆ 88009. ನಾಲ್ಕು ಸ್ಟಡ್ ಅಗಲ, ಎಂಟು ಸ್ಟಡ್ ಉದ್ದ (ಸ್ಟಡ್ ಎಂದರೆ ಲೆಗೋ ತುಂಡಿನ ಮೇಲಿನ ಗುಬುಟು, ಅಳತೆಯಲ್ಲಿ 8 ಮಿ.ಮೀ.). ಆರು ಸ್ಟಡ್ ಅಗಲದ ರೈಲಿನಲ್ಲಿ ಕೂರಿಸಿದರೆ ಎರಡೂ ಬದಿಗೆ ಒಂದೊಂದು ಸ್ಟಡ್ ಗೋಡೆಗೆ ಮಾತ್ರ ಜಾಗ. ಎ ಮತ್ತು ಬಿ ಎಂದು ಎರಡೇ ಪೋರ್ಟ್. ಒಂದಕ್ಕೆ ರೈಲು ಮೋಟರ್ 88011, ಇನ್ನೊಂದಕ್ಕೆ ದೀಪ 88005. ಹಬ್ಬಿಗೆ ಆರು, ರಿಮೋಟಿಗೆ ನಾಲ್ಕು, ಒಟ್ಟು ಹತ್ತು ಟ್ರಿಪಲ್ ಎ ಸೆಲ್ ಬೇಕು. ಆಲ್ಕಲೈನ್ ಹಾಕಿದರೆ ಲೆಕ್ಕಕ್ಕೆ 9 ವೋಲ್ಟ್, ರೀಚಾರ್ಜ್ ಆಗುವ ನಿಕಲ್ ಸೆಲ್ ಹಾಕಿದರೆ 7.2 ವೋಲ್ಟ್. ರೀಚಾರ್ಜ್ ಸೆಲ್ ಹಾಕಿದಾಗ ರೈಲು ನಿಧಾನವಾದರೆ ಮೋಟರ್ ಕೆಟ್ಟಿದೆ ಎಂದುಕೊಳ್ಳಬೇಡಿ, ವ್ಯತ್ಯಾಸ ಇಲ್ಲಿಂದಲೇ ಬರುತ್ತದೆ. ದಿನಾ ಓಡಿಸುವವರಿಗೆ ಆ ನಿಧಾನವೇ ವಾಸಿ, ತಿರುವಿನಲ್ಲಿ ಮಗುಚುವುದು ಕಡಿಮೆ.

ಜೋಡಿಸುವುದು ಸುಲಭ. ಹಬ್ಬಿನ ಹಸಿರು ಗುಂಡಿ ಒತ್ತಿ, ಬೆಳಕು ಮಿಟುಕುವಾಗಲೇ ರಿಮೋಟಿನ ಹಸಿರು ಗುಂಡಿ ಒತ್ತಬೇಕು. ಬೆಳಕು ಮಿಟುಕದೆ ಸ್ಥಿರವಾಗಿ ಉರಿದರೆ ಕೆಲಸ ಆಯಿತು. ಪ್ಲಸ್ ಗುಂಡಿ ಒತ್ತಿದಷ್ಟೂ ವೇಗ ಹಂತ ಹಂತವಾಗಿ ಏರುತ್ತದೆ, ಕೆಂಪು ಗುಂಡಿಗೆ ನಿಲ್ಲುತ್ತದೆ. ಸ್ವಂತ ಎಂಜಿನ್ ಕಟ್ಟುವಾಗ ಎರಡು ವಿಷಯ ಮರೆಯಬಾರದು. ಹಸಿರು ಗುಂಡಿಗೆ ಬೆರಳು ತಲುಪಬೇಕು, ಚಾವಣಿ ಒಂದೇ ತುಂಡಾಗಿ ಮೇಲೆದ್ದು ಹಬ್ ಹೊರಗೆ ಬರಬೇಕು. ಸೆಲ್ ಬದಲಿಸಲು ಇಡೀ ಎಂಜಿನ್ ಒಡೆಯಬೇಕಾದರೆ ಆ ವಿನ್ಯಾಸ ಎಷ್ಟೇ ಚೆಂದವಿದ್ದರೂ ಸೋತಂತೆ.

ಮೋಟರ್ ಬಗ್ಗೆ ಹೆಚ್ಚು ಹೇಳಬೇಕು. ನಾಲ್ಕು ಚಕ್ರ ಸಮೇತ ಒಂದೇ ತುಂಡಾಗಿ ಬರುತ್ತದೆ, ಚಕ್ರಕ್ಕೆ ರಬ್ಬರ್ ಬಳೆ ಇರುತ್ತದೆ. ಪ್ಲಾಸ್ಟಿಕ್ ಹಳಿಯ ಮೇಲೆ ಹಿಡಿತ ಕೊಡುವುದು ಆ ಬಳೆ, ಬಳೆಯನ್ನು ಒತ್ತಿ ಹಿಡಿಯುವುದು ಮೇಲಿನ ತೂಕ. ಆದ್ದರಿಂದ ಹಬ್ ಕೂರಬೇಕಾದದ್ದು ಮೋಟರ್‌ನ ನೆತ್ತಿಯ ಮೇಲೆಯೇ. ಆರು ಆಲ್ಕಲೈನ್ ಸೆಲ್ಲಿನ ತೂಕವೇ ಸುಮಾರು 70 ಗ್ರಾಂ. ಅಂದಕ್ಕಾಗಿ ಹಬ್ಬನ್ನು ಹಿಂದಿನ ಬೋಗಿಗೆ ಸಾಗಿಸಿ ಮೋಟರ್ ಮೇಲೆ ಖಾಲಿ ಗೂಡು ಕಟ್ಟಿದರೆ ಚಕ್ರ ನಿಂತಲ್ಲೇ ತಿರುಗುತ್ತದೆ, ರೈಲು ಕದಲುವುದಿಲ್ಲ. ಮೂರು ಬೋಗಿಗೆ ಒಂದು ಮೋಟರ್ ಸಲೀಸು. ಐದಕ್ಕೇರಿದರೆ ನೇರ ಹಳಿಯಲ್ಲಿ ಓಡಿದ್ದು ತಿರುವಿನಲ್ಲಿ ಏದುಸಿರು ಬಿಡುತ್ತದೆ, ಏಕೆಂದರೆ ತಿರುವಿನಲ್ಲಿ ಪ್ರತಿ ಚಕ್ರದ ಅಂಚೂ ಹಳಿಯನ್ನು ಉಜ್ಜುತ್ತದೆ.

ಎಳೆಯುವ ಶಕ್ತಿ ಕಡಿಮೆಯಾಯಿತೆಂದು ಎರಡನೇ ಮೋಟರ್ ಹಾಕುವವರು ಎಡವುವ ಜಾಗ ಒಂದಿದೆ. ಎಂಜಿನ್ನಿನ ಎರಡು ತುದಿಗೆ ಎರಡು ಮೋಟರನ್ನು ಎದುರು ಬದುರಾಗಿ ಕೂರಿಸಿದರೆ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಲೆಗೋದ ಹಳೆಯ ಮೋಟರ್ ವ್ಯವಸ್ಥೆಯಾದ ಪವರ್ ಫಂಕ್ಷನ್ಸ್ ಕಾಲದಲ್ಲಿ ಪ್ಲಗ್ ಮೇಲೆ ಪ್ಲಗ್ ಕೂರಿಸಿ ಒಂದೇ ದಾರಿಯಿಂದ ಎರಡು ಮೋಟರ್ ಓಡಿಸಬಹುದಿತ್ತು. 2018ರಲ್ಲಿ ಬಂದ, ಈ ಪೆಟ್ಟಿಗೆಯಲ್ಲೂ ಇರುವ ಪವರ್ಡ್ ಅಪ್ ವ್ಯವಸ್ಥೆಯ ಪ್ಲಗ್‌ಗಳು ಹಾಗೆ ಒಂದರ ಮೇಲೊಂದು ಕೂರುವುದಿಲ್ಲ. ಈ ವ್ಯವಸ್ಥೆಯಲ್ಲಿ ನಮಗೆ ಅತಿ ಹೆಚ್ಚು ಬೇಸರ ತರಿಸುವ ಅಂಶ ಇದೇ. ಎರಡು ಪೋರ್ಟೂ ಮೋಟರಿಗೇ ಹೋಗುತ್ತವೆ, ದೀಪಕ್ಕೆ ಜಾಗ ಉಳಿಯುವುದಿಲ್ಲ.

ವೈರಿನ ವಿಷಯವೂ ಇಲ್ಲೇ ಹೇಳಿಬಿಡಬೇಕು. ತಿರುವಿನಲ್ಲಿ ಮೋಟರ್ ಎಡಬಲಕ್ಕೆ ಹೊರಳಬೇಕು. ವೈರನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಅದು ಸ್ಪ್ರಿಂಗಿನಂತೆ ಮೋಟರನ್ನು ಹಿಂದಕ್ಕೆ ತಳ್ಳುತ್ತದೆ, ಚಕ್ರ ಹಳಿ ಹತ್ತಿ ಇಳಿಯುತ್ತದೆ. ಒಂದೇ ಕಡೆಯ ತಿರುವಿನಲ್ಲಿ ಮಾತ್ರ ರೈಲು ತಪ್ಪುತ್ತಿದ್ದರೆ ಮೊದಲು ವೈರನ್ನೇ ನೋಡಿ.

ಈಗ ತಿರುವಿನ ಲೆಕ್ಕ. ಲೆಗೋದ ಬಾಗಿದ ಹಳಿಯ ತ್ರಿಜ್ಯ 40 ಸ್ಟಡ್, ಅಂದರೆ 32 ಸೆಂ.ಮೀ. ಒಂದು ತುಂಡು 22.5 ಡಿಗ್ರಿ ತಿರುಗುತ್ತದೆ, ಹದಿನಾರು ಸೇರಿದರೆ ಪೂರ್ಣ ವೃತ್ತ. ಮಲಗುಪಟ್ಟಿಗಳ (ಹಳಿಯ ಕೆಳಗಿನ ಅಡ್ಡಪಟ್ಟಿ, ಸ್ಲೀಪರ್) ಹೊರ ಅಂಚಿನಿಂದ ಅಳೆದರೆ ವೃತ್ತಕ್ಕೆ 70 ಸೆಂ.ಮೀ. ಬೇಕು, ಬೋಗಿಯ ಮೂಲೆಗಳು ಹೊರಚಾಚುವುದರಿಂದ 80 ಸೆಂ.ಮೀ. ಬಿಟ್ಟರೆ ನೆಮ್ಮದಿ. ನೇರ ಹಳಿ 16 ಸ್ಟಡ್, 12.8 ಸೆಂ.ಮೀ.

ಬೋಗಿ 28 ಸ್ಟಡ್ ಉದ್ದವಿದ್ದು, ಅದರ ಎರಡು ಗಾಲಿ ಸೆಟ್ಟುಗಳ ನಡುವೆ 20 ಸ್ಟಡ್ ಇದೆ ಎಂದುಕೊಳ್ಳಿ. ತಿರುವಿನಲ್ಲಿ ಬೋಗಿಯ ನಡು ಒಳಕ್ಕೆ ಸುಮಾರು 10 ಮಿ.ಮೀ. ಸರಿಯುತ್ತದೆ, ತುದಿ ಹೊರಕ್ಕೆ ಹೆಚ್ಚುಕಡಿಮೆ ಅಷ್ಟೇ. ಎರಡೂ ಕಡೆ ಸಮವಾಗಿ ಹಂಚಿಹೋಗುವ ಈ ಅಳತೆ ನೋಡಲೂ ಚೆಂದ, ಓಡಲೂ ಚೆಂದ. ಇದನ್ನು ಬಿಟ್ಟು ನಮ್ಮ ರೈಲ್ವೆಯ ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಯನ್ನು ಅಳತೆಗೆ ಸರಿಯಾಗಿ ಕಟ್ಟಲು ಹೊರಟರೆ ಏನಾಗುತ್ತದೆ ನೋಡಿ. ಅಸಲಿ ಬೋಗಿ 23.54 ಮೀಟರ್ ಉದ್ದ, 3.24 ಮೀಟರ್ ಅಗಲ. ಅಗಲವನ್ನು ಎಂಟು ಸ್ಟಡ್‌ಗೆ ಇಳಿಸಿದರೆ ಉದ್ದ 58 ಸ್ಟಡ್ ಬರುತ್ತದೆ, ಹತ್ತಿರ ಹತ್ತಿರ 46 ಸೆಂ.ಮೀ. ಗಾಲಿ ಸೆಟ್ಟುಗಳ ನಡುವಿನ ಅಸಲಿ ಅಂತರ 14.9 ಮೀಟರ್, ಇಲ್ಲಿ 37 ಸ್ಟಡ್. ಈ ಬೋಗಿ ಲೆಗೋ ತಿರುವಿಗೆ ಬಂದರೆ ನಡು ಒಳಕ್ಕೆ 36 ಮಿ.ಮೀ., ತುದಿ ಹೊರಕ್ಕೆ 47 ಮಿ.ಮೀ. ಹೋಗುತ್ತದೆ. ಪಕ್ಕದ ಹಳಿಯ ರೈಲಿಗೆ ಬಡಿಯುತ್ತದೆ, ಎರಡು ಬೋಗಿಗಳ ನಡುವಿನ ಅಯಸ್ಕಾಂತದ ಕೊಂಡಿ ಕಿತ್ತುಹೋಗುತ್ತದೆ. ಅದಕ್ಕೇ ವಂದೇ ಭಾರತ್ ಆಗಲಿ, ನೀಲಿ ಬಣ್ಣದ ಹಳೆಯ ಐಸಿಎಫ್ ಬೋಗಿಯಾಗಲಿ, ಅಗಲ ಆರು ಅಥವಾ ಏಳಕ್ಕೆ ಇಳಿಸಿ, ಉದ್ದವನ್ನು 28ರಿಂದ 32 ಸ್ಟಡ್‌ಗೆ ಕುಗ್ಗಿಸುವುದೇ ದಾರಿ. ಉದ್ದ ಕುಗ್ಗಿದರೂ ಕಿಟಕಿಯ ಸಾಲಿನ ಲಯ ಉಳಿದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಹತ್ತು ಕಿಟಕಿ ಇರುವಲ್ಲಿ ಆರು ಇಡಿ, ಆದರೆ ಕಿಟಕಿಯ ಆಕಾರ ಬದಲಿಸಬೇಡಿ.

ಕುಗ್ಗಿಸಲು ಮನಸ್ಸೊಪ್ಪದವರಿಗೆ ದೊಡ್ಡ ತ್ರಿಜ್ಯದ ಹಳಿ ಬೇಕು. ಟ್ರಿಕ್ಸ್‌ಬ್ರಿಕ್ಸ್, ಬ್ರಿಕ್‌ಟ್ರ್ಯಾಕ್ಸ್‌ನಂಥ ಬೇರೆ ತಯಾರಕರು ಲೆಗೋ ಹಳಿಗೆ ಕೂಡುವ 56, 72, 88, 104 ಸ್ಟಡ್ ತ್ರಿಜ್ಯದ ತಿರುವುಗಳನ್ನು ಮಾಡಿದ್ದಾರೆ. 104ರ ವೃತ್ತಕ್ಕೆ ನಡುಗೆರೆಯಿಂದ ಅಳೆದರೂ 1.66 ಮೀಟರ್ ಬೇಕು. ಫ್ಲ್ಯಾಟಿನ ಹಾಲ್‌ನಲ್ಲಿ ಇದನ್ನು ಹಾಸುವ ಮೊದಲು ಸೋಫಾ ಎಲ್ಲಿಗೆ ಹೋಗುತ್ತದೆ ಎಂದು ಮನೆಯವರನ್ನು ಕೇಳಿಕೊಳ್ಳಿ.

ಹಳಿಯ ಏರಿಗೂ ಲೆಕ್ಕವಿದೆ. ಪ್ರತಿ ನೇರ ಹಳಿಗೆ ಒಂದು ಪ್ಲೇಟ್ (ಲೆಗೋದ ತೆಳು ತುಂಡು), ಅಂದರೆ 3.2 ಮಿ.ಮೀ. ಏರಿಸಿದರೆ ನೂರಕ್ಕೆ 2.5ರ ಏರು. ಮೂರು ಬೋಗಿಯ ರೈಲು ಹತ್ತುತ್ತದೆ. ಅದೇ ಮೂರು ಪ್ಲೇಟ್ ಎತ್ತರದ ಒಂದು ಬ್ರಿಕ್ ಏರಿಸಿದರೆ ನೂರಕ್ಕೆ 7.5. ರಬ್ಬರ್ ಬಳೆ ಜಾರತೊಡಗುತ್ತದೆ. ಬಳೆಗೆ ಧೂಳು ಹತ್ತಿದ್ದರೆ ಇನ್ನೂ ಬೇಗ ಜಾರುತ್ತದೆ. ಒದ್ದೆ ಬಟ್ಟೆಯಿಂದ ಬಳೆ, ಹಳಿ ಎರಡನ್ನೂ ಒರೆಸಿ, ಒಣಗಿಸಿ. ಬೋಗಿಯ ಗಾಲಿಗಳ ಲೋಹದ ಅಚ್ಚಿಗೆ ಎಣ್ಣೆ ಬಿಡಬೇಡಿ, ಅದು ಹಳಿಗೆ ಇಳಿದರೆ ಹಿಡಿತವೇ ಹೋಗುತ್ತದೆ. ರತ್ನಗಂಬಳಿಯ ಮೇಲೆ ಓಡಿಸುವವರು ಅಚ್ಚಿಗೆ ಸುತ್ತಿಕೊಂಡ ಕೂದಲು, ನೂಲನ್ನು ಚಿಮಟಿಗೆಯಿಂದ ತೆಗೆಯುತ್ತಿರಬೇಕು. ಎಳೆಯುವ ಶಕ್ತಿ ತಗ್ಗಿದೆ ಎಂಬ ದೂರಿನ ಮೂಲ ಬಹಳ ಸಲ ಅಲ್ಲೇ ಇರುತ್ತದೆ. ಬೋಗಿಯನ್ನು ತಿರುಗಿಸಿ ಹಿಡಿದು ಪ್ರತಿ ಗಾಲಿಗೆ ಬೆರಳಿಂದ ಒಂದು ತಟ್ಟು ಕೊಡಿ. ಸರಾಗವಾಗಿ ಸುತ್ತದೆ ತಟ್ಟನೆ ನಿಲ್ಲುವ ಗಾಲಿಯೇ ಅಪರಾಧಿ.

ಪ್ರೋಗ್ರಾಮಿಂಗ್ ಗೊತ್ತಿರುವವರಿಗೆ ಈ ಹಬ್ ಇನ್ನಷ್ಟು ಕೊಡುತ್ತದೆ. ಲೆಗೋದ ಸ್ವಂತ ಆ್ಯಪ್‌ನಲ್ಲಿ ಬರೆದ ಪ್ರೋಗ್ರಾಂ ನಡೆಯಲು ಫೋನ್ ಸದಾ ಜೊತೆಗಿರಬೇಕು. ಪೈಬ್ರಿಕ್ಸ್ ಎಂಬ ತಂತ್ರಾಂಶವನ್ನು ಕ್ರೋಮ್ ಬ್ರೌಸರ್ ಮೂಲಕ ಹಬ್ಬಿಗೆ ಹಾಕಿದರೆ ಮೈಕ್ರೋಪೈಥಾನ್ ಪ್ರೋಗ್ರಾಂ ಹಬ್ಬಿನೊಳಗೇ ಉಳಿದು ಓಡುತ್ತದೆ, ರಿಮೋಟ್ ಕೂಡ ಕೆಲಸ ಮಾಡುತ್ತದೆ. ಎದುರು ಬದುರು ಮೋಟರ್‌ಗಳ ಸಮಸ್ಯೆ ಇಲ್ಲಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಒಂದು ಮೋಟರ್‌ನ ದಿಕ್ಕನ್ನು ಉಲ್ಟಾ ಎಂದು ಘೋಷಿಸಿದರಾಯಿತು. ರೈಲು ಮೋಟರ್‌ನೊಳಗೆ ಸುತ್ತು ಎಣಿಸುವ ಸೆನ್ಸರ್ ಇಲ್ಲ. ಹಾಗಾಗಿ 'ಇಂತಿಷ್ಟು ದೂರ ಹೋಗಿ ನಿಲ್ಲು' ಎನ್ನಲಾಗದು, ನೂರಕ್ಕೆ ಇಷ್ಟು ಶಕ್ತಿ ಕೊಡು ಎನ್ನಬಹುದು ಅಷ್ಟೇ.

ನಿಲ್ದಾಣದಲ್ಲಿ ತಾನಾಗಿ ನಿಲ್ಲಬೇಕಾದರೆ ಬಿ ಪೋರ್ಟಿಗೆ ಬಣ್ಣ ಮತ್ತು ದೂರ ಗುರುತಿಸುವ ಸೆನ್ಸರ್ 88007 ಹಾಕಿ, ಅದರ ಮುಖ ಹಳಿಗಳ ನಡುವೆ ಕೆಳಕ್ಕೆ ನೋಡುವಂತೆ ಕೂರಿಸಿ. ನಿಲ್ಲಬೇಕಾದ ಕಡೆ ಮಲಗುಪಟ್ಟಿಯ ಮೇಲೆ ನಾಲ್ಕು ಸ್ಟಡ್ ಉದ್ದದ ಕೆಂಪು ಟೈಲ್ (ಮೇಲೆ ಗುಬುಟಿಲ್ಲದ ನುಣುಪು ತುಂಡು) ಅಂಟಿಸಿ. ರೈಲು ಸೆಕೆಂಡಿಗೆ 40 ಸೆಂ.ಮೀ. ಓಡುತ್ತಿದ್ದರೆ ಆ ಟೈಲ್ ಸೆನ್ಸರ್‌ನ ಕೆಳಗೆ ಇರುವುದು 80 ಮಿಲಿಸೆಕೆಂಡ್ ಮಾತ್ರ. ಹಬ್ಬಿನೊಳಗಿನ ಪ್ರೋಗ್ರಾಂ 10 ಮಿಲಿಸೆಕೆಂಡಿಗೊಮ್ಮೆ ಓದುವಂತೆ ಬರೆದರೆ ತಪ್ಪದೆ ಹಿಡಿಯುತ್ತದೆ. ಫೋನ್ ಮೂಲಕ ಹೋಗಿಬರುವಾಗ ಆಗಾಗ ತಪ್ಪಬಹುದು, ಆಗ ಟೈಲ್‌ಗಳನ್ನು ಎರಡು ಮೂರು ಸೇರಿಸಿ ಉದ್ದ ಮಾಡಿ. ಹಬ್ಬನ್ನು ಮೊದಲಿನಂತೆ ಮಾಡಬೇಕೆನಿಸಿದರೆ ಲೆಗೋದ ಮೂಲ ತಂತ್ರಾಂಶವನ್ನು ಮತ್ತೆ ಹಾಕಿಕೊಳ್ಳಬಹುದು, ಏನೂ ಕಳೆದುಹೋಗುವುದಿಲ್ಲ.

ಕೊಳ್ಳುವಾಗ ಒಂದು ಲೆಕ್ಕ ಹಾಕಿ. ಹಬ್, ಮೋಟರ್, ರಿಮೋಟ್, ದೀಪ, ಒಂದು ವೃತ್ತದ ಹಳಿ, ಇಷ್ಟನ್ನೂ ಬಿಡಿಯಾಗಿ ಕೊಂಡರೆ ಎಷ್ಟಾಗುತ್ತದೆ ಎಂದು ಬರೆದು, ಇಡೀ ಪೆಟ್ಟಿಗೆಯ ಬೆಲೆಯ ಪಕ್ಕದಲ್ಲಿಡಿ. ಹಳೆಯ ಸೆಟ್ ಸಿಗುವುದಾದರೆ ಹಬ್ಬಿನ ಸೆಲ್ ಗೂಡಿನೊಳಗೆ ಸೆಲ್ ಸೋರಿದ ಬಿಳಿ ಪುಡಿ ಇದೆಯೇ, ಮೋಟರ್ ವೈರಿನ ಬುಡದಲ್ಲಿ ಸೀಳು ಇದೆಯೇ ಎಂದು ನೋಡಿ. ಹೊಸದು ಕೊಳ್ಳುವವರು ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿಕೊಳ್ಳಿ. ಭಾರತದಲ್ಲಿ ಮಾರುವ ಆಟಿಕೆಗಳಿಗೆ 2021ರ ಜನವರಿಯಿಂದ ಅದು ಕಡ್ಡಾಯ.