ಉದ್ದದ ಸೈನ್ಸ್ ಪದ ಒಡೆಯೋದು ಹೇಗೆ: ಸೌಂಡ್ ನೋಡಿನಾ, ಮೂಲ ನೋಡಿನಾ?

ಇಂಗ್ಲಿಷ್‌ನ ಉದ್ದುದ್ದ ಸೈನ್ಸ್ ಪದ ಒಡೆಯೋಕೆ ಎರಡು ದಾರಿ ಇದೆ. ಒಂದು, ಬಾಯಲ್ಲಿ ಹೇಳೋ ಥರಾನೇ ಸಿಲೆಬಲ್ ಮಾಡೋದು, ಚಪ್ಪಾಳೆ ತಟ್ಕೊಂಡೇ ಎಣಿಸಬಹುದು: ಹೆ-ಲಿ-ಕಾಪ್-ಟರ್. ಇನ್ನೊಂದು ಗ್ರೀಕ್ ಮೂಲ ಹಿಡಿದು ಒಡೆಯೋದು, ಆಗ ಅದೇ ಪದ ಹೆಲಿಕೋ-ಪ್ಟರ್ ಆಗತ್ತೆ, ಸುರುಳಿ ಮತ್ತೆ ರೆಕ್ಕೆ ಅಂತ, ಎಷ್ಟು ಚಂದ ನೋಡಿ!

ಬರೀ ಉಚ್ಚಾರಣೆ ಸಾಕು ಅನ್ನೋರಿಗೆ ಮೊದಲನೇದೇ ಸರಿ, ಒತ್ತು ಎಲ್ಲಿ ಬೀಳತ್ತೆ ಅನ್ನೋದು ಅದರಲ್ಲೇ ಗೊತ್ತಾಗೋದು. ಆದ್ರೆ ಸ್ಪೆಲಿಂಗು ಅರ್ಥ ಎರಡೂ ತಲೇಲಿ ಉಳೀಬೇಕು ಅಂದ್ರೆ ನಾನಂತೂ ಎರಡನೇದೇ ಅಂತೀನಿ. ಗ್ಯಾಸ್ಟ್ರೋಎಂಟರಾಲಜಿ (gastroenterology) ತಗೊಳ್ಳಿ, ಇಂಗ್ಲಿಷ್‌ನಲ್ಲಿ 16 ಅಕ್ಷರ, ಸಿಲೆಬಲ್ ಮಾಡಿದ್ರೆ 7 ತುಂಡು, ಮೂಲ ನೋಡಿದ್ರೆ ಮೂರೇ: ಹೊಟ್ಟೆ, ಕರುಳು, ಅಧ್ಯಯನ. ಗ್ಯಾಸ್ಟ್ರೋ ಒಂದು ಗೊತ್ತಾದ್ರೆ ನಾಳೆ ಗ್ಯಾಸ್ಟ್ರೈಟಿಸ್ ಬಂದ್ರೂ ಭಯ ಇಲ್ಲ.