ರೆಸಿಸ್ಟೆನ್ಸ್ ಬ್ಯಾಂಡ್: ಪುರುಸೊತ್ತಿಲ್ಲದವರು ಯಾವುದನ್ನು ಕೊಳ್ಳಬೇಕು?

ರೆಸಿಸ್ಟೆನ್ಸ್ ಬ್ಯಾಂಡ್ ಎಂದರೆ ಎಳೆದು ವ್ಯಾಯಾಮ ಮಾಡುವ ರಬ್ಬರ್ ಪಟ್ಟಿ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಹಿಡಿ, ಕೊಕ್ಕೆ, ಕಾಲಿಗೆ ಕಟ್ಟುವ ಪಟ್ಟಿ, ಬಾಗಿಲಿಗೆ ಸಿಕ್ಕಿಸುವ ಡೋರ್ ಆಂಕರ್ ಎಲ್ಲ ಸೇರಿ ಚೀಲದಲ್ಲಿ ಬರುವ ಟ್ಯೂಬ್ ಸೆಟ್ ಒಂದು. ಬಿಡಿಭಾಗಗಳೇ ಇಲ್ಲದ, ಸುಮಾರು 41 ಇಂಚು ಉದ್ದದ ಚಪ್ಪಟೆ ಲೂಪ್ ಇನ್ನೊಂದು. ನೋಡಲು ಸೆಟ್ಟೇ ಭರ್ಜರಿ. ಆದರೆ ಹೊತ್ತು ಸಿಗದವರಿಗೆ ಲೂಪೇ ವಾಸಿ.

ಸೆಟ್‌ನಲ್ಲಿ ಒಂದು ವ್ಯಾಯಾಮದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಕೊಕ್ಕೆ ಬಿಚ್ಚಬೇಕು, ಹಾಕಬೇಕು, ಆಂಕರನ್ನು ಬಾಗಿಲ ಮೇಲಿಂದ ಕೆಳಕ್ಕೆ ಸರಿಸಬೇಕು. ಕಾಲು ಗಂಟೆಯಷ್ಟೇ ಸಿಗುವ ದಿನ ಈ ತಾಪತ್ರಯ ನೆನಪಾದರೆ ಸಾಕು, ಚೀಲ ಕಪಾಟಿನಲ್ಲೇ ಉಳಿಯುತ್ತದೆ. ಲೂಪನ್ನು ಓಡಾಡುವ ಜಾಗದಲ್ಲೊಂದು ಮೊಳೆಗೆ ನೇತುಹಾಕಿದರೆ ಕೈಗೆತ್ತಿಕೊಂಡು ಕಾಲಡಿ ಹಾಕಿಕೊಳ್ಳುವುದಷ್ಟೇ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ನಡಿಗೆಯಂಥ ಚಟುವಟಿಕೆ ಒಂದೊಂದು ಸಲಕ್ಕೂ ಕನಿಷ್ಠ 10 ನಿಮಿಷ ಇರಬೇಕು ಎಂದಿತ್ತು. 2020ರ ಮಾರ್ಗಸೂಚಿಯಲ್ಲಿ ಆ ಷರತ್ತು ಇಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ ಎಂಬುದು ಈಗಿನ ಸಲಹೆ. ಬ್ಯಾಂಡ್ ತೀರಿಸುವುದು ಎರಡನೆಯ ಲೆಕ್ಕವನ್ನು ಮಾತ್ರ. ನಡಿಗೆಗೆ ಇದು ಬದಲಿಯಲ್ಲ, ಪೊಟ್ಟಣದ ಮೇಲೆ ಏನೇ ಬರೆದಿರಲಿ.

ಕೊಳ್ಳುವಾಗ ಅಗಲ ನೋಡಿ. 13 ಮಿಮೀ ಭುಜದ ವ್ಯಾಯಾಮಕ್ಕೆ, 22 ಮಿಮೀ ಬೆನ್ನು ಮತ್ತು ಕಾಲಿಗೆ. ಶುರುವಿಗೆ ಇವೆರಡೇ ಸಾಕು. 45 ಮಿಮೀ ಲೂಪನ್ನು ಹೊಸಬರು ಅರ್ಧಕ್ಕೂ ಎಳೆಯಲಾರರು. ಅಂಚನ್ನೂ ಗಮನಿಸಿ. ಲ್ಯಾಟೆಕ್ಸನ್ನು (ಬ್ಯಾಂಡ್ ಮಾಡುವ ರಬ್ಬರ್) ಪದರ ಪದರವಾಗಿ ಸುತ್ತಿ ಮಾಡಿದ್ದರೆ ಹಾಳಾಗುವ ಮುನ್ನ ಸಾಮಾನ್ಯವಾಗಿ ಅಂಚು ಸಿಬಿರೆದ್ದು ಸೂಚನೆ ಕೊಡುತ್ತದೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದಾದರೆ ಸಣ್ಣ ಸೀಳೇ ಅಡ್ಡಕ್ಕೆ ಹರಿದು ಥಟ್ಟನೆ ತುಂಡಾಗುವುದುಂಟು. ಲ್ಯಾಟೆಕ್ಸ್ ಅಲರ್ಜಿ ಇರುವವರು ಲ್ಯಾಟೆಕ್ಸ್ ಇಲ್ಲದ್ದನ್ನೇ ಕೇಳಿ ಕೊಳ್ಳಬೇಕು.

ಪೊಟ್ಟಣದ ಮೇಲಿನ ಕಿಲೋ ಲೆಕ್ಕ ನಂಬಿ ಕೂರಬೇಡಿ. ಡಂಬೆಲ್‌ನ ಭಾರ ಬದಲಾಗುವುದಿಲ್ಲ. ಬ್ಯಾಂಡ್‌ನದು ಎಳೆದಷ್ಟೂ ಏರುತ್ತದೆ. ಶುರುವಿನಲ್ಲಿ ಸಡಿಲ, ಕೊನೆಯಲ್ಲಿ ಬಿಗಿ. ಮೊದಲ ಗೇಣು ಪುಕ್ಕಟೆಯಾಗಿ ಹೋಗುತ್ತಿದ್ದರೆ ಪಾದಗಳನ್ನು ಇನ್ನಷ್ಟು ಅಗಲಿಸಿ, ಆಗ ಮೊದಲಿಂದಲೇ ಬಿಗಿ ಸಿಗುತ್ತದೆ. ಜನ ಬೇಸತ್ತು ಬಿಡುವುದಕ್ಕೂ ಇದರಲ್ಲೇ ಒಂದು ಕಾರಣವಿದೆ: ಸುಧಾರಣೆ ಅಂಕಿಯಲ್ಲಿ ಕಾಣುವುದಿಲ್ಲ. ಪಾದ ಇಡುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ, ಎಣಿಕೆ ಬರೆದಿಡಿ. ಅದೇ ಗುರುತಿನ ಮೇಲೆ ನಿಂತು ಹೋದ ತಿಂಗಳು 12, ಈಗ 17 ಎಂದಾದರೆ ಬಲ ಹೆಚ್ಚಿದೆ ಎಂದೇ ಅರ್ಥ.

ಬಾಗಿಲಿನ ಗೊಡವೆ ಇಲ್ಲದೆ ನಾಲ್ಕು ವ್ಯಾಯಾಮ ಆಗುತ್ತವೆ. ಬ್ಯಾಂಡ್ ತುಳಿದು, ಸೊಂಟದಿಂದ ಬಾಗಿ ಹೊಟ್ಟೆಯ ಕಡೆಗೆ ಎಳೆಯುವ ರೋ. ತುಳಿದ ಬ್ಯಾಂಡನ್ನು ಹೆಗಲಿಗೇರಿಸಿ ಕೂತು ಏಳುವ ಸ್ಕ್ವಾಟ್. ಬೆನ್ನ ಮೇಲಿಂದ ಹಾಯಿಸಿ, ಎರಡು ತುದಿಯನ್ನೂ ಅಂಗೈ ಅಡಿ ಒತ್ತಿ ಪುಷ್‌ಅಪ್. ತುಳಿದ ಬ್ಯಾಂಡನ್ನು ಕೈಯಲ್ಲಿ ಹಿಡಿದು, ಬೆನ್ನು ನೇರವಿಟ್ಟು, ಬಾಗಿದಲ್ಲಿಂದ ನೆಟ್ಟಗೆ ಏಳುವ ಡೆಡ್‌ಲಿಫ್ಟ್. ಒಂದೊಂದೂ 12ರಿಂದ 20 ಸಲ, ಇನ್ನೆರಡು ಸಲ ಮಾಡಬಹುದು ಎನ್ನುವಾಗ ನಿಲ್ಲಿಸಿ. ಎರಡು ಸುತ್ತಿಗೆ ವಿಶ್ರಾಂತಿಯೂ ಸೇರಿ ಹೆಚ್ಚುಕಡಿಮೆ 12 ನಿಮಿಷ. ವಾರಕ್ಕೆ ಮೂರು ದಿನ ಇಟ್ಟುಕೊಳ್ಳಿ. ಒಂದು ದಿನ ತಪ್ಪಿದರೂ ಎರಡು ದಿನ ಉಳಿಯುತ್ತವೆ. ತೀರಾ ಗಡಿಬಿಡಿಯ ದಿನ ರೋ ಮತ್ತು ಸ್ಕ್ವಾಟ್ ಒಂದೊಂದು ಸುತ್ತು ಮಾಡಿ ಮುಗಿಸಿ. ತಪ್ಪಿದ್ದನ್ನು ಮರುದಿನ ಸೇರಿಸಿ ದುಪ್ಪಟ್ಟು ಮಾಡಲು ಹೋದವರು ಮೈಕೈ ನೋವಿನಿಂದ ಮತ್ತೆರಡು ದಿನ ತಪ್ಪಿಸುತ್ತಾರೆ.

ಆಂಕರ್ ಬಳಸಲೇಬೇಕಿದ್ದರೆ ಎಳೆದಾಗ ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುವ ದಿಕ್ಕಿನಲ್ಲಿ ನಿಲ್ಲಬೇಕು, ಅಂದರೆ ಬಾಗಿಲು ನಿಮ್ಮಿಂದ ಆಚೆಗೆ ತೆರೆಯುವಂಥದ್ದಾಗಿರಬೇಕು. ಚಿಲಕ ಹಾಕಿ, ಕೀಲಿರುವ ಬದಿಗೆ ಸಿಕ್ಕಿಸಿ. ಮುಖದ ನೇರಕ್ಕೆ ಎಳೆಯಬೇಡಿ. ಕಿತ್ತುಬಂದ ಬ್ಯಾಂಡ್ ಕಣ್ಣಿಗೇ ಬಡಿಯಬಹುದು.

ಬಿಸಿಲು ಮತ್ತು ಎಣ್ಣೆ ಲ್ಯಾಟೆಕ್ಸ್‌ನ ಶತ್ರುಗಳು. ಕಿಟಕಿ ಪಕ್ಕ ನೇತುಹಾಕಬೇಡಿ, ಎಣ್ಣೆ ಕೈಯಲ್ಲಿ ಮುಟ್ಟಬೇಡಿ. ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ಸ್ವಲ್ಪ ಎಳೆದು ನೋಡಿ. ಕೂದಲೆಳೆಯಂಥ ಬಿರುಕು ಕಂಡರೆ ಅವತ್ತೇ ಎಸೆಯಿರಿ. ಗಂಟು ಹಾಕಿ ಬಳಸುವ ಜಾಣತನ ಬೇಡ.

ಕೊರತೆ ಇರುವುದು ಕಾಲಿನ ವಿಷಯದಲ್ಲಿ. ಕೆಲವು ತಿಂಗಳಲ್ಲಿ 22 ಮಿಮೀ ಸ್ಕ್ವಾಟ್ ಹಗುರವಾಗುತ್ತದೆ. ಆಗ ಇನ್ನೂ ಅಗಲದ ಬ್ಯಾಂಡ್‌ಗೆ ಹೋದರೆ ಅದು ಹೆಗಲನ್ನು ಕೊರೆಯುತ್ತದೆ. ಅದರ ಬದಲು ಒಂದು ಕಾಲು ಮುಂದಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್‌ಗೆ ಬದಲಾಯಿಸಿ. ಈಗಾಗಲೇ ಬಾರ್‌ಬೆಲ್ ಎತ್ತಿ ರೂಢಿ ಇರುವವರಿಗೆ ಇದು ಪ್ರವಾಸದ ದಿನಗಳಿಗಷ್ಟೇ ಸಾಲುತ್ತದೆ.